ಹುಡುಕುವವನೇ ಸಿಕ್ಕಿಬಿದ್ದಾಗ

ನಿಂತುಹೋದ ಸರ್ವರು ಇನ್ನೂ ನಡೆಯುತ್ತಲೇ ಇದೆಯೆಂದು ನಿಮ್ಮ ಶೆಲ್ ಸ್ಕ್ರಿಪ್ಟು ಹೇಳುತ್ತಿದ್ದರೆ, ಆ ಸಾಕ್ಷ್ಯವನ್ನು ಪರೀಕ್ಷಿಸದೆ ನಂಬತಕ್ಕದ್ದಲ್ಲ.

ನಡೆಯುತ್ತಿರುವ ಪ್ರೊಸೆಸ್‌ಗಳ ಬಗೆಗೆ ಪಿಎಸ್ ನೀಡುವ ಪಟ್ಟಿಯನ್ನು ಪೈಪಿನ ಮೂಲಕ, ಪದವನ್ನು ಅರಸುವ ಗ್ರೆಪ್‌ಗೆ ಒಪ್ಪಿಸಿದಾಗ, ಇವೆರಡೂ ಒಂದಾದ ಮೇಲೊಂದಾಗಿ ನಡೆಯದೆ ಏಕಕಾಲದಲ್ಲಿಯೇ ಪ್ರವರ್ತಿಸುವುದರಿಂದ, ಅರಸುವ ಹೆಸರನ್ನು ತನ್ನ ಆಜ್ಞಾಪಂಕ್ತಿಯಲ್ಲಿಯೇ ಹೊತ್ತಿರುವ ಗ್ರೆಪ್ ಕೂಡ ಸಾಮಾನ್ಯವಾಗಿ ಆ ಪಟ್ಟಿಯೊಳಗೆ ಸೇರಿ, ಕಳ್ಳನನ್ನು ಹುಡುಕಹೊರಟ ಕಾವಲುಗಾರನು ತನ್ನ ನೆರಳನ್ನೇ ಹಿಡಿದಂತೆ, ತನ್ನನ್ನು ತಾನೇ ಕಂಡುಕೊಳ್ಳುತ್ತದೆ. ಹೆಸರಿನ ಮೊದಲ ಅಕ್ಷರವನ್ನು ಚೌಕ ಆವರಣದಲ್ಲಿರಿಸಿ, ಇಡಿಯ ಪದವನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ ಈ ಭ್ರಾಂತಿ ತೊಲಗುವುದು. ಏಕೆಂದರೆ ಆ ವಿನ್ಯಾಸವು ಮೂಲನಾಮಕ್ಕೆ ಹೊಂದುವುದೇ ಹೊರತು ಆವರಣಸಹಿತವಾದ ತನ್ನ ರೂಪಕ್ಕೆ ಹೊಂದದು.

ಪ್ರೊಸೆಸ್‌ಗಳನ್ನು ನೇರವಾಗಿ ಅರಸುವ, ಲಿನಕ್ಸಿನ ಪಿಗ್ರೆಪ್ ಎಂಬ ಆಜ್ಞೆಯು ತನ್ನನ್ನೆಂದೂ ಎಣಿಸಿಕೊಳ್ಳದು. ಆದರೆ ಅದರ -ಎಫ್ ಆಯ್ಕೆಯು ಸಮಗ್ರ ಆಜ್ಞಾಪಂಕ್ತಿಯನ್ನು ಶೋಧಿಸುವುದರಿಂದ, ಸ್ಕ್ರಿಪ್ಟಿನ ಕಡತನಾಮದಲ್ಲಿ ಆ ಪದವಿದ್ದರೆ, ಅದನ್ನು ನಡೆಸುತ್ತಿರುವ ಶೆಲ್ಲೇ ಸಿಕ್ಕಿಬೀಳುವುದು. ಟರ್ಮಿನಲ್ಲಿನಲ್ಲಿ ಸರಿಯಾಗಿ ನಡೆದ ಇಂತಹ ಆಜ್ಞೆಯು ಸ್ಕ್ರಿಪ್ಟಿನೊಳಗೆ ತಪ್ಪುತ್ತರ ಕೊಡುವುದಕ್ಕೆ ಇದೂ ಒಂದು ಕಾರಣ. ಆ ಆಯ್ಕೆಯನ್ನು ಬಿಟ್ಟರೋ, ಲಿನಕ್ಸಿನಲ್ಲಿ ಪ್ರೊಸೆಸ್ ಹೆಸರಿನ ಮೊದಲ 15 ಅಕ್ಷರಗಳು ಮಾತ್ರ ಸಾಮಾನ್ಯವಾಗಿ ಗಣನೆಗೆ ಬರುವುದರಿಂದ, ದೀರ್ಘನಾಮಗಳು ದೊರೆಯದೆಯೇ ಹೋಗುವುವು.

ಆದುದರಿಂದ ಸಂದೇಹ ಬಂದೊಡನೆ ಪಿಗ್ರೆಪ್‌ಗೆ -ಎ ಸೇರಿಸಿ, ಸಿಕ್ಕ ಆಜ್ಞಾಪಂಕ್ತಿಗಳನ್ನು ಕಣ್ಣಾರೆ ನೋಡಿರಿ. ಹೆಸರು ಪೂರ್ಣವಾಗಿ ಹೊಂದಬೇಕಾದಲ್ಲಿ -ಎಕ್ಸ್ ಬಳಸಿರಿ. ಸಿಸ್ಟಮ್‌ಡಿ ನಡೆಸುವ ಸೇವೆಯಾಗಿದ್ದರೆ, ಊಹೆಯ ಶೋಧಕ್ಕೆ ಬದಲಾಗಿ, ಸಿಸ್ಟಮ್‌ಸಿಟಿಎಲ್ ಇಸ್-ಆಕ್ಟಿವ್ ಎಂಬ ಆಜ್ಞೆಯಿಂದ ನೇರವಾಗಿಯೇ ಕೇಳಿ ತಿಳಿಯಿರಿ.