ನೀರಿನ ಮೇಲೆ ಬಾಣಬಿರುಸು: ದೋಣಿ ಹತ್ತುವ ಮುನ್ನ ತಿಳಿದಿರಬೇಕಾದದ್ದು

ನಮ್ಮ ತೆಪ್ಪೋತ್ಸವಗಳಲ್ಲಿ ದೇವರು ನೀರಿನ ಮೇಲೆ, ಜನ ಮೆಟ್ಟಿಲ ಮೇಲೆ. ಅಮೆರಿಕದಲ್ಲಿ ಜುಲೈ 4ರ ರಾತ್ರಿ, ಅಂದರೆ ಅಲ್ಲಿನ ಸ್ವಾತಂತ್ರ್ಯ ದಿನದಂದು, ಜನರೂ ನೀರಿಗಿಳಿಯುತ್ತಾರೆ. ಎಷ್ಟೋ ಬಂದರು ನಗರಗಳಲ್ಲಿ ಬಾಣಬಿರುಸು ಹಾರುವುದು ಕೊಲ್ಲಿಯ ನಡುವಿನಿಂದ. ಅದನ್ನು ನೋಡಲು ಸ್ವಂತ ಬೋಟು, ಬಾಡಿಗೆ ಬೋಟು, ಗೆಳೆಯರ ಬೋಟು ಎಲ್ಲವೂ ಸುತ್ತ ನೆರೆಯುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಇದು ಹೊಸದಲ್ಲ. ಬೇಸಿಗೆಯಲ್ಲಿ ಮಕ್ಕಳ ಮನೆಗೆ ಹೋದ ಅಪ್ಪ-ಅಮ್ಮಂದಿರಿಗೆ ಹೊಸದು. ಇಬ್ಬರಿಗೂ ಉಪಯೋಗವಾಗಲಿ ಎಂದು ಈ ಮಾಹಿತಿ.

ಮೊದಲು ಒಂದೇ ರಾತ್ರಿಯ ಎರಡು ಘಟನೆಗಳನ್ನು ಹೇಳುತ್ತೇನೆ. 2012ರ ಜುಲೈ 4. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೊಲ್ಲಿಯಲ್ಲಿ ಸುಮಾರು ಹದಿನೆಂಟು ನಿಮಿಷ ನಡೆಯಬೇಕಿದ್ದ ಪ್ರದರ್ಶನ ಕಂಪ್ಯೂಟರ್ ದೋಷದಿಂದ ಅರ್ಧ ನಿಮಿಷದೊಳಗೆ ಮುಗಿದುಹೋಯಿತು. ಸಾವಿರಾರು ಸಿಡಿಮದ್ದುಗಳು ಒಟ್ಟಿಗೇ ಹೊತ್ತಿಕೊಂಡವು. ಯಾರಿಗೂ ಗಾಯವಾಗಲಿಲ್ಲ. ಅದೇ ರಾತ್ರಿ ದೇಶದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕ್ ಬಳಿಯ ಆಯ್ಸ್ಟರ್ ಬೇಯಲ್ಲಿ, ಬಾಣಬಿರುಸು ನೋಡಿ ಮರಳುತ್ತಿದ್ದ 34 ಅಡಿಯ ದೋಣಿ ಮಗುಚಿತು. ಅದರಲ್ಲಿ 27 ಜನರಿದ್ದರು. ಒಳಗಿನ ಕೋಣೆಯಲ್ಲಿದ್ದ ಮೂರು ಮಕ್ಕಳು ತೀರಿಕೊಂಡರು. ಎರಡು ವರ್ಷಗಳ ನಂತರ, 2014ರ ಜುಲೈ 4ರಂದು, ಮಯಾಮಿಯ ಬಿಸ್ಕೇನ್ ಕೊಲ್ಲಿಯಲ್ಲಿ ಪ್ರದರ್ಶನ ಮುಗಿದ ಮೇಲೆ ಕತ್ತಲಲ್ಲಿ ಬೋಟುಗಳು ಡಿಕ್ಕಿಯಾಗಿ ನಾಲ್ವರು ಸತ್ತರು.

ನಾವೆಲ್ಲ ಹೆದರುವುದು ಬೆಂಕಿಯ ಕಿಡಿಗೆ. ನಿಜವಾಗಿ ಹೆದರಬೇಕಾದದ್ದು ವಾಪಸು ಬರುವ ಆ ಒಂದು ಗಂಟೆಗೆ. ಬೆಂಕಿಯನ್ನು ದೂರ ಇಡಲು ಕಾನೂನಿದೆ, ಕಾವಲಿದೆ. ವಾಪಸು ಬರುವ ದಾರಿಯಲ್ಲಿ ನೀವೇ ನಿಮಗೆ ಕಾವಲು.

ಬೆಂಕಿಯ ಏರ್ಪಾಡು ಹೇಗಿರುತ್ತದೆ ನೋಡೋಣ. ಬಾರ್ಜ್ ಎಂಬ ಚಪ್ಪಟೆ ತಳದ, ಸಾಮಾನ್ಯವಾಗಿ ಎಂಜಿನ್ ಇಲ್ಲದ ದೊಡ್ಡ ದೋಣಿಯನ್ನು ಎಳೆದು ತಂದು ಕೊಲ್ಲಿಯಲ್ಲಿ ನಿಲ್ಲಿಸುತ್ತಾರೆ. ಅದರ ಮೇಲೆ ಮಾರ್ಟರ್‌ಗಳು, ಅಂದರೆ ನೆಟ್ಟಗೆ ನಿಲ್ಲಿಸಿದ ಕೊಳವೆಗಳು. ಕೊಳವೆಯೊಳಗೆ ಶೆಲ್, ಅಂದರೆ ಮದ್ದು ತುಂಬಿದ ಉಂಡೆ. ಶೆಲ್ಲಿನ ಅಡ್ಡಳತೆ ಒಂದು ಅಂಗುಲ ಹೆಚ್ಚಿದರೆ ಅದು ಸುಮಾರು ನೂರು ಅಡಿ ಹೆಚ್ಚು ಎತ್ತರಕ್ಕೆ ಹೋಗುತ್ತದೆ ಎಂಬುದು ವೃತ್ತಿಯವರ ಅಂದಾಜು.

ಜನ ಎಷ್ಟು ದೂರ ಇರಬೇಕು ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್.ಎಫ್.ಪಿ.ಎ. 1123 ಎಂಬ ನಿಯಮಾವಳಿ, ಶೆಲ್ಲಿನ ಪ್ರತಿ ಅಂಗುಲಕ್ಕೆ ಕನಿಷ್ಠ 70 ಅಡಿ ಎನ್ನುತ್ತದೆ. ಆರಂಗುಲದ ಶೆಲ್ಲಿಗೆ 420 ಅಡಿ, ಹನ್ನೆರಡು ಅಂಗುಲದ್ದಕ್ಕೆ 840 ಅಡಿ. ಇದರ ಮೇಲೆ ಕೋಸ್ಟ್ ಗಾರ್ಡ್, ಅಂದರೆ ಕರಾವಳಿ ಕಾವಲು ಪಡೆ, ಸೇಫ್ಟಿ ಝೋನ್ ಎಂಬ ನಿಷೇಧಿತ ವಲಯ ಹಾಕುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಪಿಯರ್ 39 ಎಂಬ ದಕ್ಕೆಯ ಎದುರಿನ ಜುಲೈ 4ರ ಪ್ರದರ್ಶನಕ್ಕೆ ನಿಯಮದಲ್ಲಿ ಬರೆದಿರುವುದು ಹೀಗೆ: ಮದ್ದು ತುಂಬುವಾಗ, ಬಾರ್ಜ್ ಸಾಗಿಸುವಾಗ ಸುತ್ತ 100 ಅಡಿ; ಪ್ರದರ್ಶನದ ಹೊತ್ತಿಗೆ 1,000 ಅಡಿ, ಅಂದರೆ ಸುಮಾರು 305 ಮೀಟರ್. ಸ್ಯಾನ್ ಡಿಯಾಗೊದಲ್ಲಿ ಎಲ್ಲ ಒಟ್ಟಿಗೇ ಸಿಡಿದರೂ ಯಾರಿಗೂ ಏನೂ ಆಗದಿದ್ದುದು ಇಂಥ ಅಂತರದ ಪುಣ್ಯ.

ಈ ವಲಯವನ್ನು ಘೋಷಿಸುವುದು ಆ ಬಂದರಿನ ಹೊಣೆ ಹೊತ್ತ ಕೋಸ್ಟ್ ಗಾರ್ಡ್ ಅಧಿಕಾರಿ. ಹುದ್ದೆಯ ಹೆಸರು ಕ್ಯಾಪ್ಟನ್ ಆಫ್ ದಿ ಪೋರ್ಟ್. ಸಂಘಟಕರು ಹೊಸ ಕಾರ್ಯಕ್ರಮವಾದರೆ 135 ದಿನ ಮೊದಲೇ ಅರ್ಜಿ ಹಾಕಬೇಕು. ಒಪ್ಪಿಗೆಯಿಲ್ಲದೆ ವಲಯದೊಳಗೆ ನುಗ್ಗಿದರೆ? ಕಾನೂನಿನಲ್ಲಿ ಮೂಲತಃ ನಮೂದಾಗಿರುವ ಗರಿಷ್ಠ ದಂಡವೇ 25,000 ಡಾಲರ್; ಹಣದುಬ್ಬರಕ್ಕೆ ತಕ್ಕಂತೆ ಅದನ್ನು ಏರಿಸುತ್ತಲೂ ಬಂದಿದ್ದಾರೆ. ಬೇಕೆಂದೇ ನುಗ್ಗಿದರೆ ಜೈಲು ಶಿಕ್ಷೆಯ ಅಪರಾಧ. ಒಳ್ಳೆಯ ಫೋಟೊಗಾಗಿ ಇನ್ನೂ ಸ್ವಲ್ಪ ಮುಂದೆ ಹೋಗೋಣ ಎನ್ನುವ ನೆಂಟರಿಗೆ ಈ ಅಂಕಿ ಹೇಳಿ ಸಾಕು.

ವಲಯ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಕೋಸ್ಟ್ ಗಾರ್ಡಿನ ಲೋಕಲ್ ನೋಟಿಸ್ ಟು ಮರೀನರ್ಸ್ ಎಂಬ ಪ್ರಕಟಣೆಯಲ್ಲಿ ಬಾರ್ಜ್ ನಿಲ್ಲುವ ಅಕ್ಷಾಂಶ, ರೇಖಾಂಶ ಇರುತ್ತದೆ. ಅಂತರ್ಜಾಲದಲ್ಲಿ ಉಚಿತ. ಆ ಬಿಂದುವನ್ನು ನಿಮ್ಮ ಜಿ.ಪಿ.ಎಸ್.ನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ರಾತ್ರಿ ನೀರಿನ ಮೇಲೆ ಸಾವಿರ ಅಡಿಯನ್ನು ಕಣ್ಣಳತೆಯಲ್ಲಿ ಅಳೆಯಲು ಆಗುವುದಿಲ್ಲ. ಎಲ್ಲವೂ ಹತ್ತಿರವೇ ಕಾಣುತ್ತದೆ. ಬೆಳಕಿರುವಾಗಲೇ ಹೋಗಿ ಜಾಗ ಹಿಡಿಯುವುದು ಇದಕ್ಕೇ.

ವಲಯದ ಹೊರಗಿದ್ದ ಮಾತ್ರಕ್ಕೆ ಕಿಡಿ ಬೀಳುವುದಿಲ್ಲವೆ ಎಂದು ನೀವು ಕೇಳಬಹುದು. ಗಾಳಿ ನಿಮ್ಮ ಕಡೆಗೆ ಬೀಸುತ್ತಿದ್ದರೆ ಬೂದಿ, ರಟ್ಟಿನ ಚೂರು, ಹೊಗೆ ಬರುತ್ತವೆ. ಆದ್ದರಿಂದ ಗಾಳಿ ಬೀಸಿ ಬರುವ ಕಡೆಯಲ್ಲಿ ನಿಲ್ಲಿ, ಬೀಸಿ ಹೋಗುವ ಕಡೆಯಲ್ಲಲ್ಲ. ಕ್ಯಾನ್ವಾಸ್ ಹೊದಿಕೆ ಮಡಚಿಡಿ. ಒಂದು ಬಕೆಟ್ ನೀರು, ಅಗ್ನಿಶಾಮಕ ಕೈಗೆ ಸಿಗುವಂತಿರಲಿ. ಸಿಡಿಯದ ಉಂಡೆ ನೀರಿನಲ್ಲಿ ತೇಲುತ್ತಿದ್ದರೆ ಮುಟ್ಟಲೇಬೇಡಿ. ಒದ್ದೆಯಾದ ಮದ್ದು ಸತ್ತಿದೆ ಎಂದುಕೊಳ್ಳುವುದು ತಪ್ಪು. ದೂರ ಸರಿದು 911 ಎಂಬ ತುರ್ತು ಸಂಖ್ಯೆಗೆ ತಿಳಿಸಿ.

ಇನ್ನು ದೋಣಿಯ ಮಾತು. ಎಷ್ಟು ಜನ ಹತ್ತಬಹುದು ಎಂಬುದೇ ಅತಿ ಮುಖ್ಯ ಪ್ರಶ್ನೆ. 20 ಅಡಿಗಿಂತ ಚಿಕ್ಕ ಮೋಟಾರು ಬೋಟಿನಲ್ಲಿ ಚಾಲಕನ ಜಾಗದ ಬಳಿ ಸಾಮರ್ಥ್ಯದ ಫಲಕ ಇರುತ್ತದೆ. ಇಷ್ಟು ಜನ, ಇಷ್ಟು ತೂಕ ಎಂದು ಬರೆದಿರುತ್ತದೆ. ಫಲಕ ಕಿತ್ತುಹೋಗಿದ್ದರೆ ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಿ. 18 ಅಡಿ ಉದ್ದ, 6 ಅಡಿ ಅಗಲದ ಬೋಟಾದರೆ ಏಳು ಜನ. 20 ಅಡಿ ಮತ್ತು ಅದಕ್ಕಿಂತ ದೊಡ್ಡ ಬೋಟುಗಳಿಗೆ ಫಲಕ ಕಡ್ಡಾಯವಲ್ಲ. ಆಯ್ಸ್ಟರ್ ಬೇಯ ಆ ದೋಣಿಯ ಉದ್ದ 34 ಅಡಿ. ದೊಡ್ಡ ಬೋಟಿನ ವಿಷಯದಲ್ಲಿ ತಯಾರಕರನ್ನೇ ಕೇಳಿ ತಿಳಿಯಬೇಕು.

ಜನ ಹೆಚ್ಚಾದರೆ ದೋಣಿ ಮುಳುಗುತ್ತದೆ ಎಂದು ಎಲ್ಲರಿಗೂ ಗೊತ್ತು. ಮುಳುಗುವ ಮೊದಲೇ ಮಗುಚುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬಾಣಬಿರುಸು ಚೆನ್ನಾಗಿ ಕಾಣಲಿ ಎಂದು ಜನ ಮೇಲಿನ ಅಟ್ಟಕ್ಕೆ ಹತ್ತುತ್ತಾರೆ. ಭಾರ ಮೇಲಕ್ಕೆ ಹೋದಷ್ಟೂ ದೋಣಿ ವಾಲಿದರೆ ತಾನೇ ನೆಟ್ಟಗಾಗುವ ಶಕ್ತಿ ಕಳೆದುಕೊಳ್ಳುತ್ತದೆ. ಮೇಲೆ ಹೂವರಳಿದ ಕೂಡಲೇ ಎಲ್ಲರೂ ಒಂದೇ ಪಕ್ಕಕ್ಕೆ ಸರಿಯುತ್ತಾರೆ. ಆಗಲೇ ಪಕ್ಕದ ಬೋಟಿನ ಅಲೆ ಹೊಡೆದರೆ ಮುಗಿಯಿತು. ಹತ್ತುವಾಗಲೇ ಯಾರು ಎಲ್ಲಿ ಕೂರಬೇಕು ಎಂದು ಹೇಳಿ, ಕೊನೆಯವರೆಗೂ ಅಲ್ಲೇ ಕೂರಿಸಿ. ದೋಣಿ ಚಲಿಸುವಾಗ ಮಕ್ಕಳನ್ನು ಕೆಳಗಿನ ಕೋಣೆಯಲ್ಲಿ ಮಲಗಿಸಬೇಡಿ. ಮಗುಚಿದರೆ ಅಲ್ಲಿಂದ ಹೊರಬರುವ ದಾರಿ ಇರುವುದಿಲ್ಲ. ನಿದ್ದೆ ಬಂದರೆ ಲೈಫ್ ಜಾಕೆಟ್ ಹಾಕಿಸಿ ನಿಮ್ಮ ಪಕ್ಕದಲ್ಲೇ ಒರಗಿಸಿಕೊಳ್ಳಿ.

ಲೈಫ್ ಜಾಕೆಟ್ ಎಂದರೆ ತೇಲುಗವಚ. ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಕೋಸ್ಟ್ ಗಾರ್ಡ್ ಒಪ್ಪಿದ ಒಂದೊಂದು ಜಾಕೆಟ್ ಇರಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಾಗುತ್ತಿರುವ ದೋಣಿಯಲ್ಲಿ 13ರೊಳಗಿನ ಮಕ್ಕಳು ಅದನ್ನು ತೊಟ್ಟಿರಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಕಡ್ಡಾಯವಿಲ್ಲ, ಆದರೂ ಹಾಕಿಕೊಳ್ಳಿ. ಕೋಸ್ಟ್ ಗಾರ್ಡಿನ ವಾರ್ಷಿಕ ಲೆಕ್ಕಗಳಲ್ಲಿ ಮುಳುಗಿ ಸತ್ತ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಅದನ್ನು ತೊಟ್ಟಿರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನೀರು ಜುಲೈನಲ್ಲೂ ಸುಮಾರು 15 ಡಿಗ್ರಿ ಸೆಲ್ಸಿಯಸ್ ಮಾತ್ರ. ಆ ತಣ್ಣೀರಿಗೆ ಬಿದ್ದಾಗ ಮೊದಲು ಕೈಕೊಡುವುದು ಉಸಿರು. ಈಜು ಬರುತ್ತದೆ ಎಂಬ ಧೈರ್ಯ ಅಲ್ಲಿ ನಡೆಯದು. ಸೀರೆ ಉಟ್ಟ ಅಮ್ಮಂದಿರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಜಾಕೆಟ್ ಬಿಗಿಯಲಿ. ಫೋಟೊಗೆ ಚೆನ್ನಾಗಿ ಕಾಣದಿದ್ದರೂ ಪರವಾಗಿಲ್ಲ.

ಲಂಗರು ಹಾಕಿದ ಮೇಲೆ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪ ಉರಿಯುತ್ತಿರಲಿ. ಲಂಗರಿನ ಹಗ್ಗ ಆಳದ ಏಳರಷ್ಟು ಉದ್ದ ಬಿಟ್ಟರೆ ಒಳ್ಳೆಯದು. ಕಾಯುವಾಗ ಎಂಜಿನ್ ಅಥವಾ ಜನರೇಟರ್ ಓಡುತ್ತಿದ್ದರೆ ಹಿಂಬದಿಯಲ್ಲಿ ಯಾರೂ ಕೂರಬಾರದು. ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಅಲ್ಲಿ ತುಂಬಿಕೊಳ್ಳುತ್ತದೆ. ಕುಡಿತದ ಬಗ್ಗೆ ಒಂದೇ ಮಾತು: ದೋಣಿ ನಡೆಸುವವರಿಗೂ ಕಾರು ನಡೆಸುವವರಂತೆ ರಕ್ತದಲ್ಲಿ 0.08 ಶೇಕಡಾ ಮದ್ಯದ ಮಿತಿಯಿದೆ. ಆ ವಾರ ತಪಾಸಣೆಯೂ ಜೋರು.

ಈಗ ವಾಪಸು ದಾರಿ. ಕೊನೆಯ ಪಟಾಕಿ ಸಿಡಿದ ಕೂಡಲೇ ಎಲ್ಲರೂ ಲಂಗರು ಎತ್ತುತ್ತಾರೆ. ನೀವು ಎತ್ತಬೇಡಿ. ಝಗಝಗ ಬೆಳಕು ನೋಡಿದ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಚಿತ್ರಾನ್ನದ ಡಬ್ಬಿ ಬಿಚ್ಚಿ. ಅಷ್ಟರಲ್ಲಿ ಹೊಗೆಯೂ ಕರಗುತ್ತದೆ, ಗದ್ದಲವೂ ಇಳಿಯುತ್ತದೆ. ಹೊರಟ ಮೇಲೆ ಸಾಧ್ಯವಾದಷ್ಟು ನಿಧಾನ. ಚಾಲಕರ ಜೊತೆ ಇನ್ನೊಬ್ಬರು ನೋಡುತ್ತಿರಬೇಕು, ಅದೇ ಅವರ ಕೆಲಸ. ಕೆಂಪು ದೀಪ ಕಂಡರೆ ಅದು ಎದುರು ದೋಣಿಯ ಎಡಮಗ್ಗುಲು, ಹಸಿರು ಕಂಡರೆ ಬಲಮಗ್ಗುಲು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಿಮ್ಮ ಕಡೆಗೇ ಬರುತ್ತಿದೆ. ಮೊಬೈಲ್ ಟಾರ್ಚ್ ಬೇಡ, ಚಾಲಕರ ಕಣ್ಣು ಕೋರೈಸುತ್ತದೆ.

ತೊಂದರೆಯಾದರೆ ಕೆಂಪು ಫ್ಲೇರ್, ಅಂದರೆ ಅಪಾಯ ಸೂಚಿಸುವ ಬೆಂಕಿಬತ್ತಿ, ಹಚ್ಚುವುದು ವಾಡಿಕೆ. ಆ ರಾತ್ರಿ ಮಾತ್ರ ಅದನ್ನು ನಂಬಿ ಕೂರಬೇಡಿ. ಆಕಾಶದ ತುಂಬ ಕೆಂಪು ಬೆಂಕಿ ಇರುವಾಗ ನಿಮ್ಮದನ್ನು ಯಾರು ಗುರುತಿಸುತ್ತಾರೆ? ದೋಣಿಗಳಲ್ಲಿ ಬಳಸುವ ವಿ.ಎಚ್.ಎಫ್. ರೇಡಿಯೊದ 16ನೇ ಚಾನೆಲ್‌ನಲ್ಲಿ ಮೂರು ಸಲ ಮೇಡೇ ಎಂಬ ಅಪಾಯದ ಕರೆ ಕೂಗಿ. ಎಲ್ಲಿದ್ದೀರಿ, ಎಷ್ಟು ಜನ, ಏನಾಗಿದೆ ಹೇಳಿ. ಹಳೆಯ ಫ್ಲೇರನ್ನು ಸಂಭ್ರಮಕ್ಕೆ ಹಚ್ಚುವವರಿದ್ದಾರೆ. ಸುಳ್ಳು ಅಪಾಯ ಸೂಚನೆ ಅಪರಾಧ.

ಖರ್ಚೆಷ್ಟು? ಸಾಧಾರಣ ಜಾಕೆಟ್ ಇಪ್ಪತ್ತು ಮೂವತ್ತು ಡಾಲರಿಗೆ ಸಿಗುತ್ತದೆ. ಗಾಳಿ ತುಂಬಿಕೊಳ್ಳುವ ಹಗುರದ್ದು ನೂರು ಡಾಲರ್ ದಾಟಬಹುದು; ಅದು ಸಾಮಾನ್ಯವಾಗಿ 16 ದಾಟಿದವರಿಗೆ ಮಾತ್ರ. ಮಕ್ಕಳದ್ದನ್ನು ತೂಕ ನೋಡಿ ಕೊಳ್ಳಿ, ಬೆಳೆಯುತ್ತಾರೆಂದು ದೊಡ್ಡದು ಕೊಳ್ಳಬೇಡಿ. ಕೈಯಲ್ಲಿ ಹಿಡಿಯುವ ವಿ.ಎಚ್.ಎಫ್. ರೇಡಿಯೊ ನೂರರಿಂದ ಇನ್ನೂರು ಡಾಲರಿನ ಆಸುಪಾಸು. ಸಮುದ್ರ ಸಾಮಾನುಗಳ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತವೆ. ಸ್ವಂತ ಬೋಟಿದ್ದರೆ ಕೋಸ್ಟ್ ಗಾರ್ಡ್ ಆಕ್ಸಿಲಿಯರಿ ಎಂಬ ಸ್ವಯಂಸೇವಕರ ದಳ ಬಂದು ಉಚಿತವಾಗಿ ತಪಾಸಣೆ ಮಾಡಿಕೊಡುತ್ತದೆ. ಕೊರತೆ ಕಂಡರೆ ಅವರು ದಂಡ ಹಾಕುವುದಿಲ್ಲ, ಪಟ್ಟಿ ಕೊಡುತ್ತಾರೆ.

ಚಾಲಕರ ಸಮೇತ ಬೋಟನ್ನು ಬಾಡಿಗೆಗೆ ಹಿಡಿಯುವವರು ಹಣ ಕೊಡುವ ಮೊದಲು ಎರಡು ಕಾಗದ ಕೇಳಿ. ಒಂದು, ಕ್ಯಾಪ್ಟನ್ನರ ಕೋಸ್ಟ್ ಗಾರ್ಡ್ ಪರವಾನಗಿ. ಇನ್ನೊಂದು, ಪ್ರಯಾಣಿಕರು ಆರಕ್ಕಿಂತ ಹೆಚ್ಚಾದರೆ ದೋಣಿಯ ತಪಾಸಣಾ ಪ್ರಮಾಣಪತ್ರ. ಅದರಲ್ಲಿ ಎಷ್ಟು ಜನ ಎಂದು ನಮೂದಾಗಿರುತ್ತದೆ. ಎರಡು ಮನೆಯವರು ಸೇರಿದರೇ ಆರು ಮೀರುತ್ತದೆ. ತೋರಿಸಲು ಹಿಂದೆ ಮುಂದೆ ನೋಡುವವರ ದೋಣಿ ಹತ್ತಬೇಡಿ. ದೊಡ್ಡ ದೋಣಿ ಕಂಪನಿಗಳು ಆ ರಾತ್ರಿ ಟಿಕೆಟ್ ಮಾರಿ ಕರೆದೊಯ್ಯುತ್ತವೆ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನನ್ನ ಮತ ಅದಕ್ಕೇ. ಯಾವುದೂ ಹೊಂದದಿದ್ದರೆ ದಡದಲ್ಲಿ ಕುಳಿತು ನೋಡಲು ಟಿಕೆಟ್ ಬೇಕಿಲ್ಲ, ಒಂದು ಸ್ವೆಟರ್ ಸಾಕು.