ನಾತ ಬೆವರಿನದಲ್ಲ

ಚನ್ನಗಿರಿಯಲ್ಲಿ ಅಡಿಕೆ ಸುಲಿದು, ಹೊನ್ನಾಳಿ, ನ್ಯಾಮತಿಯಲ್ಲಿ ಗದ್ದೆ ಕೆಲಸ ಮುಗಿಸಿ, ಜಗಳೂರಿನ ಬಿಸಿಲಲ್ಲಿ ಮೆಕ್ಕೆಜೋಳ ಮುರಿದು ಸಂಜೆ ಬಸ್ ಹತ್ತುವವರ ಪಕ್ಕ ಕೂರಲು ಕೆಲವರು ಮುಖ ಸಿಂಡರಿಸುತ್ತಾರೆ. ದುಡಿದ ಮೈ ನಾರುತ್ತದೆ ಎಂಬುದು ಅವರ ನಂಬಿಕೆ. ಅದು ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ.

ಆಗಷ್ಟೇ ಒಸರಿದ ಬೆವರಿಗೆ ವಾಸನೆ ಇಲ್ಲವೆಂದೇ ಹೇಳಬಹುದು. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಹೆಚ್ಚಿನವು ಸುರಿಸುವುದು ನೀರು, ಉಪ್ಪು. ಮೈ ತಂಪಾಗಿಸುವುದೇ ಅವುಗಳ ಕೆಲಸ. ಕಂಕುಳು, ತೊಡೆಸಂದಿಯಂಥ ಕೆಲವೆಡೆ ಮಾತ್ರ ಇನ್ನೊಂದು ಬಗೆಯ ಗ್ರಂಥಿಗಳಿವೆ. ಹದಿಹರೆಯದಲ್ಲಿ ಚುರುಕಾಗುವ ಇವು ಕೊಬ್ಬು, ಪ್ರೋಟೀನು ಬೆರೆತ ದ್ರವ ಸ್ರವಿಸುತ್ತವೆ. ಚರ್ಮದ ಮೇಲಿರುವ ಕೊರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೊಕಾಕಸ್ ಹೊಮಿನಿಸ್‌ನಂಥ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಆಮ್ಲಗಳೂ ಗಂಧಕದ ಸಂಯುಕ್ತಗಳೂ ಹುಟ್ಟುತ್ತವೆ. ನಾತ ಅವುಗಳದು. ಈ ಗ್ರಂಥಿಗಳನ್ನು ಕೆರಳಿಸಲು ಭಯ, ಆತಂಕವೇ ಸಾಕು. ಹಾಗಾಗಿ ಫ್ಯಾನಿನಡಿ ಪರೀಕ್ಷೆ ಬರೆಯುವ ಹುಡುಗನ ಕಂಕುಳೂ ನಾರಬಹುದು.

ನಾತ ಜಾತಿಯಿಂದ ಬರುತ್ತದೆ ಎನ್ನುವವರು ಇಂದಿಗೂ ಇದ್ದಾರೆ. ಯಾವ ಜಾತಿಗೂ ಅದರದೇ ವಾಸನೆ ಎಂಬುದಿಲ್ಲ. ಅನುವಂಶೀಯತೆಯ ಪಾತ್ರ ಇರುವುದು ಬೇರೆ ರೀತಿಯಲ್ಲಿ: ಎಬಿಸಿಸಿ11 ಎಂಬ ಜೀನ್‌ನ ಒಂದು ರೂಪ ಇರುವವರ ಕಂಕುಳು ಅಷ್ಟಾಗಿ ನಾರುವುದಿಲ್ಲ. ಕಿವಿಯ ಗುಗ್ಗೆ ಒಣಗಿರಬೇಕೋ ಅಂಟಾಗಿರಬೇಕೋ ಎಂಬುದನ್ನೂ ಅದೇ ಜೀನ್ ನಿರ್ಧರಿಸುತ್ತದೆಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಈ ರೂಪ ಕೊರಿಯಾ, ಜಪಾನ್, ಚೀನಾದಲ್ಲಿ ಹೆಚ್ಚು.

ಬೆವರಿದರೆ ಮೈಯ ವಿಷವೆಲ್ಲ ಹೊರಹೋಗುತ್ತದೆ ಎಂಬ ಮಾತೂ ನಿಜವಲ್ಲ. ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು.

ಸೆಂಟು ಹಾಕಿದರೆ ನಾತ ಹೋಗುವುದಿಲ್ಲ, ಅಡಗುತ್ತದೆ ಅಷ್ಟೇ. ಕಂಕುಳನ್ನು ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿಕೊಳ್ಳುವುದೇ ಮೇಲು. ಬಟ್ಟೆಯನ್ನೂ ಗಮನಿಸಿ: ಪಾಲಿಯೆಸ್ಟರ್ ಅಂಗಿಯಲ್ಲಿ ಹತ್ತಿಯ ಅಂಗಿಗಿಂತ ನಾತ ಹೆಚ್ಚು ನಿಲ್ಲುತ್ತದೆ. ಕ್ಷೌರದಂಗಡಿಯ ಪಟಿಕ ಅಲ್ಯೂಮಿನಿಯಂ ಲವಣ. ಬ್ಯಾಕ್ಟೀರಿಯಾವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ನಿಂಬೆಹಣ್ಣು ಉಜ್ಜಿದರೆ ಚರ್ಮ ಉರಿದು ಸುಡಬಹುದು, ಬೇಡ.

ಎರಡು ಸಂದರ್ಭಗಳಲ್ಲಿ ಮಾತ್ರ ತಡಮಾಡಬೇಡಿ. ಎಂಟು ವರ್ಷ ತುಂಬದ ಮಗುವಿನ ಕಂಕುಳು ದೊಡ್ಡವರಂತೆ ನಾರಿದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರ ಉಸಿರಿನಲ್ಲಿ ಕಳಿತ ಹಣ್ಣಿನಂಥ ವಾಸನೆ ಬಂದು, ವಾಂತಿ, ನಿತ್ರಾಣ ಜೊತೆಗೂಡಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.