ಕಾಲ್ಚೆಂಡಾಟಗಾರರ ಹೃದಯ

ನಮ್ಮ ಬಾಲಿಕೆಯರು ಕಾಲ್ಚೆಂಡನ್ನು ಆಡತೊಡಗಿದಂದಿನಿಂದ ಪಾಲಕರು ನಮಗೆ ಹಾಕುವ ಪ್ರಶ್ನೆಯೊಂದುಂಟು: “ಅಕ್ಕೋರೇ, ಓಡಿ ಓಡಿ ನಮ್ಮ ಹುಡುಗಿಯ ಎದಿ ನಿಂತರ ಏನು ಗತಿ?” ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವದು ನಮ್ಮಿಂದಾಗದು. ಆಡುತ್ತಲೇ ಆಟಗಾರರು ಮಡಿದ ಸಂಗತಿಗಳು ನಮ್ಮ ನಾಡಿನಲ್ಲಿಯೂ ಉಂಟು.

೨೦೦೪ನೆಯ ಇಸವಿಯ ಡಿಸೆಂಬರ್ ೫ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯ ನಡೆದಿತ್ತು. ಗೋವೆಯ ಡೆಂಪೊ ತಂಡದಲ್ಲಿ ಆಡುತ್ತಿದ್ದ ಬ್ರೆಜಿಲ್ ದೇಶದ ಕ್ರಿಸ್ಟಿಯಾನೊ ಜೂನಿಯರ್ ಎಂಬವರು ತಮ್ಮ ಎರಡನೆಯ ಗೋಲನ್ನು ಹೊಡೆಯುವಾಗಲೇ ಎದುರು ಪಕ್ಷದ ಗೋಲುಕಾಯುವವರಿಗೆ ತಾಗಿ ನೆಲಕ್ಕೊರಗಿದವರು ಮತ್ತೆ ಏಳಲಿಲ್ಲ. ೨೦೧೨ರ ಮಾರ್ಚ್ ೨೧ರಂದು ಅದೇ ನಗರದಲ್ಲಿ ಬೆಂಗಳೂರು ಮಾರ್ಸ್ ತಂಡದ ವೆಂಕಟೇಶ್ ಎಂಬ ತರುಣರು ಮೈದಾನದಲ್ಲಿ ಕುಸಿದರು. ಅಲ್ಲಿ ಆಂಬುಲೆನ್ಸ್ ಇರಲಿಲ್ಲ, ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು, ಜೀವವುಳಿಯಲಿಲ್ಲ. ಇದಕ್ಕೆ ನಾಲ್ಕೇ ದಿನ ಮುಂಚೆ ಲಂಡನ್ನಿನಲ್ಲಿ ಫ್ಯಾಬ್ರಿಸ್ ಮುವಾಂಬಾ ಎಂಬವರು ಹೀಗೆಯೇ ಬಿದ್ದಿದ್ದರು. ಅವರ ಹೃದಯವು ೭೮ ನಿಮಿಷ ನಿಂತಿದ್ದರೂ ಅವರು ಬದುಕಿದರು! ಇಬ್ಬರ ವ್ಯಾಧಿಯೂ ಒಂದೇ ಎಂದು ನಾವು ಹೇಳುವದಿಲ್ಲ. ಆದರೆ ಲಂಡನ್ನಿನಲ್ಲಿ ಬಿದ್ದ ಸ್ಥಳದಲ್ಲಿಯೇ ಎದೆಯನ್ನು ಒತ್ತುವ ಕೈಗಳೂ, ವಿದ್ಯುತ್ತಿನ ಆಘಾತದಿಂದ ಹೃದಯದ ಲಯವನ್ನು ತಿದ್ದುವ ಯಂತ್ರವೂ ಸಿದ್ಧವಾಗಿದ್ದವು.

ಎಳೆಯರಲ್ಲಿ ಇಂಥ ಮರಣವು ವಿರಳ. ಹುಡುಗಿಯರಲ್ಲಿ ಇನ್ನೂ ವಿರಳ. ಆಟವೇ ಇದರ ಮೂಲವಲ್ಲ. ಹೃದಯದ ಸ್ನಾಯು ಅತಿಯಾಗಿ ದಪ್ಪವಾಗುವದು, ಲಯವು ತಪ್ಪುವದು ಮುಂತಾದ ದೋಷಗಳು ಅನೇಕವೇಳೆ ವಂಶದಿಂದ ಬಂದು ಒಳಗೇ ಅಡಗಿದ್ದು, ಶ್ರಮದ ವೇಳೆಯಲ್ಲಿ ಹೊರಬೀಳುವವು. ಹಾಗಾದರೆ ಮೊದಲೇ ಪರೀಕ್ಷಿಸಬಾರದೇ? ಇಂಗ್ಲೆಂಡಿನಲ್ಲಿ ೧೯೯೬ರಿಂದ ೨೦೧೬ರ ವರೆಗೆ ೧೧,೧೬೮ ಮಂದಿ ಕಿಶೋರ ಆಟಗಾರರ ಹೃದಯವನ್ನು ಪರೀಕ್ಷಿಸಿದರು. ೪೨ ಮಂದಿಯಲ್ಲಿ ಪ್ರಾಣಾಪಾಯದ ದೋಷ ಸಿಕ್ಕಿತು. ಆದರೂ ಮುಂದೆ ಹೃದ್ರೋಗದಿಂದ ಹಠಾತ್ತನೆ ತೀರಿಕೊಂಡ ೮ ಮಂದಿಯಲ್ಲಿ ೬ ಮಂದಿಯ ಪರೀಕ್ಷೆಯಲ್ಲಿ ಯಾವ ದೋಷವೂ ಕಂಡಿರಲಿಲ್ಲ. ಪರೀಕ್ಷೆ ಬೇಕು, ಅದೊಂದೇ ಸಾಲದು.

ಓಡುವಾಗ ಹುಡುಗಿಯು ಎಚ್ಚರತಪ್ಪಿ ಬಿದ್ದಿದ್ದರೆ, ಎದೆನೋವೆಂದಿದ್ದರೆ, ಮನೆತನದಲ್ಲಿ ಯಾರಾದರೂ ಎಳೆವಯಸ್ಸಿನಲ್ಲಿ ಅಕಸ್ಮಾತ್ತಾಗಿ ತೀರಿದ್ದರೆ ಪಾಲಕರು ಅದನ್ನು ನಮಗೆ ತಿಳಿಸತಕ್ಕದ್ದು. ಮುಂದೆ ಮದುವೆಗೆ ಅಡ್ಡಿಯಾದೀತೆಂದು ಕೆಲವರು ಮುಚ್ಚಿಡುವದುಂಟು. ತಾಯಂದಿರೇ, ಅದು ಬೇಡ. ಹೇಳಿದ ಮಾತು ನಮ್ಮಲ್ಲಿಯೇ ಉಳಿಯುವದು.

ಹುಡುಗಿಯು ಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ (ಬಿಟ್ಟುಬಿಟ್ಟು ಏದುವದು ಉಸಿರಲ್ಲ) ಒಬ್ಬರು ೧೦೮ಕ್ಕೆ ಕರೆಮಾಡಬೇಕು. ಮತ್ತೊಬ್ಬರು ಎದೆಯ ನಡುಮಧ್ಯದಲ್ಲಿ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಸುಮಾರು ೫ ಸೆಂಟಿಮೀಟರು ತಗ್ಗುವಂತೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತುತ್ತಿರಬೇಕು. ಕಕ್ಕೇರಾದಿಂದ ಸುರಪುರದ ಆಸ್ಪತ್ರೆ ಹತ್ತಿರವಲ್ಲ. ಪ್ರತಿ ನಿಮಿಷದ ವಿಳಂಬಕ್ಕೂ ಬದುಕುವ ಆಸೆ ಕುಗ್ಗುವದು.

ಇಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುವೆವು. ಉತ್ತರ ಅಮೆರಿಕದ ಸಂಶೋಧನೆಯೊಂದರ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಹೃದಯ ನಿಂತ ಗಂಡಸರಲ್ಲಿ ನೂರಕ್ಕೆ ೪೫ ಮಂದಿಗೆ ದಾರಿಹೋಕರ ಈ ಸಹಾಯ ದೊರೆತರೆ, ಹೆಂಗಸರಲ್ಲಿ ೩೯ ಮಂದಿಗೆ ಮಾತ್ರ ದೊರೆಯಿತು. ಹೆಣ್ಣಿನ ಎದೆಯನ್ನು ಮುಟ್ಟಲು ಅಲ್ಲಿಯವರೇ ಹಿಂಜರಿದರೆ ನಮ್ಮ ಕಡೆಯ ಸ್ಥಿತಿಯನ್ನು ವಾಚಕರೇ ಊಹಿಸಬಹುದು. ಆದಕಾರಣ ಹುಡುಗಿಯರಿಗೆ ಹುಡುಗಿಯರೇ ನೆರವಾಗುವಂತೆ ಎಂಟನೆಯ ತರಗತಿಯಿಂದ ಈ ಅಭ್ಯಾಸವನ್ನು ಆರಂಭಿಸಿರುವೆವು. ಬೊಂಬೆಯಿಲ್ಲ, ಗಾದಿಯ ಸುರುಳಿಯ ಮೇಲೆ ಒತ್ತುವರು. ದಾದಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ರಜೆಯಲ್ಲಿ ಊರಿಗೆ ಬಂದಾಗ ಒಂದು ಸಂಜೆ ಶಾಲೆಗೆ ಬಂದು ಈ ಕೈಗಳನ್ನು ತಿದ್ದಿಕೊಡಬೇಕೆಂದು ಬೇಡುವೆವು.